ಹಣ್ಣಿನ ಪೇಟೆಯಿಂದ ಬಿಸಿನೀರಿನ ಕುಂಡದವರೆಗೆ

ಪ್ರವಾಸವೆಂದರೆ ಗುಡಿ, ಗೋಪುರ, ಜಲಪಾತ ಇಲ್ಲವೆ ಸಮುದ್ರತೀರ ಎಂಬುದು ವಾಡಿಕೆ. ಹಣ್ಣಿನ ಪೇಟೆಯ ಹಿಂಬದಿಯಲ್ಲಿ ಬಿದ್ದ ಕೊಳೆತ ರಾಶಿಯನ್ನು ನೋಡುವುದಕ್ಕೆಂದು ಯಾರೂ ಹೊರಡುವುದಿಲ್ಲ. ಆದರೆ ಈ ಬೇಸಗೆಯಲ್ಲಿ ನಮ್ಮ ಸಂಘದ ನಾಲ್ಕು ಕುಟುಂಬಗಳವರು ಒಟ್ಟಾಗಿ ಹೊರಟಾಗ ಮೊದಲು ಕಂಡದ್ದು ಅದನ್ನೇ. ಆಮೇಲೆ ಕಂಡದ್ದು ವಜ್ರೇಶ್ವರಿಯ ಬಿಸಿನೀರಿನ ಕುಂಡಗಳನ್ನು. ಈ ಎರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಕೊಳೆತ ಹಣ್ಣಿನಿಂದ ಉರಿಯುವ ಅನಿಲವನ್ನು ತೆಗೆಯಬಲ್ಲ ಜೀವಿಗಳಲ್ಲಿ ಬಲು ಸಮರ್ಥವಾದವು ಬಿಸಿನೀರಿನ ಬುಗ್ಗೆಗಳಂಥ ಎಡೆಗಳಲ್ಲೇ ಹುಟ್ಟಿ ಬೆಳೆದವು.

ನಮ್ಮ ತಂಡದಲ್ಲಿ ಮಕ್ಕಳು ಮರಿ ಸೇರಿ ಹದಿನಾಲ್ಕು ಜನ. ಹಿರಿಯರೆಂದರೆ ಕುಂದಾಪುರದ ಕಡೆಯ ದೊಡ್ಡಮ್ಮ. ಲೆಕ್ಕ ಬಲ್ಲವರೆಂದರೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಾವಿನಹಣ್ಣನ್ನು ಪೇಟೆಯ ದರದಲ್ಲಿ ಕೊಳ್ಳೋಣವೆಂಬುದು ಹೆಂಗಸರ ಅಪೇಕ್ಷೆ. ಆದುದರಿಂದ ನಸುಕಿನಲ್ಲೇ ವಾಶಿಯ ಪೇಟೆಗೆ ಹೋದೆವು.

ಹಣ್ಣಿನ ಸಗಟು ವ್ಯಾಪಾರವು ಹಿಂದೆ ಕ್ರಾಫರ್ಡ್ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದಿತು. 1990ರ ದಶಕದಲ್ಲಿ ಅದು ವಾಶಿಗೆ ಬಂದಿತು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ಕಣ್ಣು ತುಂಬುತ್ತದೆ. ದೇವಗಡ, ರತ್ನಾಗಿರಿಗಳ ಆಪೂಸಿನ ಪೆಟ್ಟಿಗೆಗಳು ಆಳೆತ್ತರಕ್ಕೆ ಅಟ್ಟಿಯಾಗಿ ನಿಂತಿರುತ್ತವೆ. ಹುಲ್ಲಿನ ವಾಸನೆ, ಹಣ್ಣಿನ ಪರಿಮಳ, ಹಮಾಲರ ಕೂಗು, ಲಾರಿಗಳ ಗದ್ದಲ ಇವೆಲ್ಲವೂ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಧಾರವಾಡದ ಕಡೆಯ ಆಪೂಸೂ ಅಲ್ಲಿಗೆ ಬರುತ್ತದೆ. ಆಪೂಸು ಎಂಬ ಹೆಸರಿಗೆ 2018ರಲ್ಲಿ ದೊರೆತ ಭೌಗೋಳಿಕ ಗುರುತು ಕೊಂಕಣದ ಜಿಲ್ಲೆಗಳಿಗೆ ಸಲ್ಲುವುದಾದ್ದರಿಂದ, ನಮ್ಮ ಕಡೆಯ ಹಣ್ಣು ಅಲ್ಲಿ ‘ಕರ್ನಾಟಕದ್ದು’ ಎಂದು ಬೇರೆಯಾಗಿ ನಿಲ್ಲಬೇಕು. ನಾವೂ ಹಾಗೆಯೇ ಅಲ್ಲವೆ ಎಂದು ಯಾರೋ ಅಂದರು, ಎಲ್ಲರೂ ನಕ್ಕೆವು.

ಪೇಟೆಯ ಮುಂಭಾಗ ಹೀಗಿದ್ದರೆ ಹಿಂಭಾಗದ ನೋಟವೇ ಬೇರೆ. ದಾರಿಯಲ್ಲಿ ಜಜ್ಜಿಹೋದ ಮಾವು, ಕಪ್ಪಾದ ಬಾಳೆ, ಬಿರಿದ ಕಲ್ಲಂಗಡಿ, ಬೂಷ್ಟು ಹಿಡಿದ ಮೋಸಂಬಿ, ಅನಾನಸಿನ ಜುಟ್ಟು, ಅದೆಲ್ಲದರ ಮೇಲೆ ನೊಣಗಳ ಮೋಡ. ರಾಶಿಯ ಬುಡದಿಂದ ಕಂದುಬಣ್ಣದ ರಸ ಹರಿದು ಮೋರಿಗೆ ಸೇರುತ್ತಿದ್ದಿತು. ಒಬ್ಬ ಹೆಂಗಸು ಗೋಣಿಯನ್ನು ಸೊಂಟಕ್ಕೆ ಸುತ್ತಿಕೊಂಡು, ರಾಶಿಯಿಂದ ಇನ್ನೂ ತಿನ್ನಬಹುದಾದ ಹಣ್ಣುಗಳನ್ನು ಆರಿಸುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ತಲೆಯೆತ್ತಿದಳು. ವಿಜಾಪುರದ ಕಡೆಯವಳಂತೆ.

“ಇದ್ರಾಗ ಏನ್ ನೋಡಾಕತ್ತೀರಿ, ಅಕ್ಕಾರ? ಊರಾಗ ಆಗಿದ್ರ ಎಮ್ಮಿ ತಿಂತಿದ್ವು. ಇಲ್ಲಿ ಲಾರಿ ತಿಂತೈತಿ” ಎಂದಳು.

“ಲಾರಿ ಎಲ್ಲಿಗೆ ಒಯ್ಯುತ್ತದಮ್ಮ?” ಎಂದು ನಮ್ಮವರು ಕೇಳಿದರು.

“ಗುಡ್ಡಕ್ಕರೀ. ಕಸದ ಗುಡ್ಡಕ್ಕ.”

ಕಸದ ಗುಡ್ಡವೆಂದರೇನೆಂಬುದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವನಾರಿನಲ್ಲಿ 1927ರಿಂದ ನಗರದ ಕಸವನ್ನು ಸುರಿಯುತ್ತ ಬಂದಿದ್ದಾರೆ. 2016ರ ಜನವರಿಯ ಕೊನೆಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಹೊಗೆ ಊರಿನ ಮೇಲೆ ದಿನಗಟ್ಟಲೆ ಕವಿದಿದ್ದಿತು. ಸುತ್ತಲಿನ ಪಾಲಿಕೆಯ ಶಾಲೆಗಳನ್ನು ಮುಚ್ಚಬೇಕಾಯಿತು. ಚೆಂಬೂರು, ಗೋವಂಡಿಗಳಲ್ಲಿರುವ ನಮ್ಮ ಸಂಸಾರಗಳು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕುಳಿತ ದಿನಗಳವು. ಹಸಿ ಕಸವು ಗಾಳಿ ತಾಗದಂತೆ ರಾಶಿಯ ಒಳಗೆ ಹುದುಗಿ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದು. ಹೊತ್ತಿಕೊಳ್ಳದೆ ಮೇಲೇರಿದರೆ ಭೂಮಿಯನ್ನು ಬಿಸಿಮಾಡುವಂಥದು. ಅಂದರೆ ನಾವು ಬಿಸಾಡುವ ಹಣ್ಣಿನಲ್ಲಿ ಉರುವಲು ಈಗಲೂ ಇದೆ. ಅದು ಒಲೆಯಲ್ಲಿ ಉರಿಯದೆ ಗುಡ್ಡದಲ್ಲಿ ಉರಿಯುತ್ತದೆ, ಅಷ್ಟೇ ವ್ಯತ್ಯಾಸ.

ವಾಶಿಯಿಂದ ಠಾಣೆಯ ಮೇಲೆ ಹಾದು ಅಹಮದಾಬಾದಿನ ಹೆದ್ದಾರಿಯನ್ನು ಹಿಡಿದೆವು. ಶಿರಸಾಡಿನಲ್ಲಿ ಬಲಕ್ಕೆ ಹೊರಳಿದರೆ ನಗರದ ಗದ್ದಲ ಹಿಂದುಳಿಯುತ್ತದೆ. ರೈಲಿನಲ್ಲಿ ಬರುವವರು ವಿರಾರಿನಲ್ಲಿ ಇಳಿಯಬಹುದು. ಅಲ್ಲಿಂದ ವಜ್ರೇಶ್ವರಿಗೆ ಸುಮಾರು 30 ಕಿಲೋಮೀಟರು. ಎರಡೂ ಕಡೆ ಸಾಗುವಾನಿಯ ಬೋಳು ಮರಗಳು, ಭತ್ತದ ಒಣಗದ್ದೆಗಳು, ನಡುನಡುವೆ ಇಟ್ಟಿಗೆಯ ಗೂಡುಗಳು. ಆ ಬಿಸಿಲಿನಲ್ಲಿ ಬಿಸಿನೀರಿನ ಸ್ನಾನಕ್ಕೆ ಹೊರಟ ನಮ್ಮನ್ನು ಕಂಡು ಚಹದಂಗಡಿಯವನಿಗೂ ನಗೆ ಬಂದಿತು.

ವಜ್ರೇಶ್ವರಿಯ ಗುಡಿ ದೂರದಿಂದ ಕೋಟೆಯಂತೆ ಕಾಣುತ್ತದೆ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಾಯಿ ಕೋಟೆಯನ್ನು ಗೆದ್ದ ಮೇಲೆ, ಹೊತ್ತ ಹರಕೆಯಂತೆ ದೇವಿಗೆ ಈ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಐವತ್ತೆರಡು ಕಲ್ಲಿನ ಮೆಟ್ಟಿಲುಗಳನ್ನು ದೊಡ್ಡಮ್ಮ ನಮಗಿಂತ ಮೊದಲೇ ಹತ್ತಿದರು. ಸಮೀಪದ ಗಣೇಶಪುರಿಯು ತುಳುನಾಡಿನವರಿಗೂ ಕಾಸರಗೋಡಿನ ಕಡೆಯವರಿಗೂ ಚಿರಪರಿಚಿತ. ಕಾಞಂಗಾಡಿನಲ್ಲಿ ಇದ್ದು ಮುಂದೆ ಇಲ್ಲಿಗೆ ಬಂದು ನೆಲೆಸಿದ ನಿತ್ಯಾನಂದ ಸ್ವಾಮಿಗಳು 1961ರ ಆಗಸ್ಟಿನಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಮುಂಬಯಿಯ ಹೋಟೆಲಿನ ಗಲ್ಲದ ಹಿಂದೆ ಅವರ ಭಾವಚಿತ್ರವನ್ನು ನೋಡದ ಕನ್ನಡಿಗನುಂಟೆ?

ವಜ್ರೇಶ್ವರಿ, ಅಕಲೋಲಿ, ಗಣೇಶಪುರಿ, ಈ ಮೂರೂ ಊರುಗಳಲ್ಲಿ ತಾನಸಾ ನದಿಯ ಆಸುಪಾಸಿನಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಕಲ್ಲು ಕಟ್ಟಿದ ಚೌಕಾಕಾರದ ಕುಂಡಗಳು. ಒಂದರಲ್ಲಿ ಕಾಲಿಟ್ಟರೆ ಹಿತ, ಇನ್ನೊಂದರಲ್ಲಿ ಕಾಲಿಟ್ಟವರು ಕೂಡಲೆ ತೆಗೆಯುತ್ತಾರೆ. ತುಸು ಗಂಧಕದ ವಾಸನೆ. ಇಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಮಳೆಯ ನೀರು ಕಪ್ಪುಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ. ನೆಲದೊಳಗೆ ಒಂದು ಕಿಲೋಮೀಟರು ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಬಿಸಿ ಹೆಚ್ಚುತ್ತದೆ. ಹೀಗೆ ಕಾದ ನೀರು ಬೇರೊಂದು ಬಿರುಕಿನಿಂದ ಮೇಲೆ ಬರುತ್ತದೆ. ಕೊಂಕಣದ ಉದ್ದಕ್ಕೂ ರಾಜಾಪುರದವರೆಗೆ ಇಂಥ ಬುಗ್ಗೆಗಳ ಸಾಲೇ ಇದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರು ತೀರ್ಥವೂ ಇದೇ ಜಾತಿಯದು. ತುಳುವಿನಲ್ಲಿ ಬೆಂದ್ರೆಂದರೆ ಬಿಸಿನೀರೆಂದೇ ಅರ್ಥ.

ಕುಂಡದಿಂದ ಹೊರಗೆ ಹರಿಯುವ ತೋಡಿನ ಅಂಚಿನಲ್ಲಿ ಹಸಿರೂ ಕಂದೂ ಆದ ಲೋಳೆಯ ಪದರವೊಂದು ಕಲ್ಲಿಗೆ ಅಂಟಿಕೊಂಡಿದ್ದಿತು. ಮಕ್ಕಳು ಮೂಗು ಮುಚ್ಚಿಕೊಂಡರು. ಮೇಷ್ಟ್ರು ಮಾತ್ರ ಮೊಣಕಾಲೂರಿ ಕುಳಿತರು. “ಈ ಊರಿನ ಹಳೆಯ ನಿವಾಸಿಗಳು ಇವರೇ” ಎಂದರು.

ಬೇಯಿಸಿದರೆ ಜೀವಿಗಳು ಸಾಯುತ್ತವೆಂದು ನಾವೆಲ್ಲ ಕಲಿತಿದ್ದೇವೆ. ಹಾಲು ಕಾಯಿಸುವುದೂ ಅದಕ್ಕೇ. ಆದರೆ 1966ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ಎಂಬಲ್ಲಿ ತಾಮಸ್ ಬ್ರಾಕ್ ಎಂಬ ವಿಜ್ಞಾನಿ ತಮ್ಮ ಶಿಷ್ಯರಾದ ಹಡ್ಸನ್ ಫ್ರೀಜರೊಡನೆ ಬಿಸಿನೀರಿನ ಬುಗ್ಗೆಯಿಂದ ಒಂದು ಸೂಕ್ಷ್ಮಾಣುವನ್ನು ಸಂಗ್ರಹಿಸಿದರು. ಸುಮಾರು 70 ಡಿಗ್ರಿಯ ಬಿಸಿಯಲ್ಲಿ ಅದು ಸುಖವಾಗಿ ಬೆಳೆಯುತ್ತಿದ್ದಿತು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಾಯಿತು. ಮುಂದೆ ಅದರ ಒಂದು ಕಿಣ್ವವೇ ಪಿ.ಸಿ.ಆರ್. ಎಂಬ ಪರೀಕ್ಷಾವಿಧಾನಕ್ಕೆ ಆಧಾರವಾಯಿತು. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಫಲಿತಾಂಶಕ್ಕೆ ಕಾದ ನಮಗೆಲ್ಲ ಆ ಹೆಸರು ಮರೆಯುವಂಥದಲ್ಲ. ಬುಗ್ಗೆಯ ಲೋಳೆಯೊಂದು ಲೋಕಕ್ಕೇ ಉಪಕಾರ ಮಾಡಿತೆಂದ ಮೇಲೆ ಮೂಗು ಮುಚ್ಚಿಕೊಂಡ ಮಕ್ಕಳೂ ಬಗ್ಗಿ ನೋಡಿದರು.

ಇಂಥ ಉಷ್ಣಪ್ರಿಯ ಜೀವಿಗಳಲ್ಲಿ ಕೆಲವಕ್ಕೆ ಸಕ್ಕರೆಯನ್ನು ತಿಂದು ಜಲಜನಕವನ್ನು ಬಿಡುವ ಗುಣವಿದೆ. ನ್ಯೂಜಿಲೆಂಡಿನ ಬುಗ್ಗೆಯೊಂದರಲ್ಲಿ ದೊರೆತ ಕಾಲ್ಡಿಸೆಲ್ಯುಲೊಸಿರಪ್ಟರ್ ಎಂಬುದು 70 ಡಿಗ್ರಿಯಲ್ಲಿ ಬೆಳೆಯುತ್ತದೆ. ಸಕ್ಕರೆಯನ್ನಷ್ಟೇ ಅಲ್ಲ, ಸಿಪ್ಪೆ ನಾರುಗಳನ್ನೂ ಅರಗಿಸಿಕೊಳ್ಳುತ್ತದೆ. ಇಟಲಿಯ ವುಲ್ಕಾನೊ ದ್ವೀಪದ ಬಳಿ ಸಮುದ್ರದ ತಳದಲ್ಲಿ ಸಿಕ್ಕಿ, 1986ರಲ್ಲಿ ವರ್ಣಿತವಾದ ಥರ್ಮೊಟೋಗ ಎಂಬುದಕ್ಕೆ 80 ಡಿಗ್ರಿ ಬೇಕು. ಹೆಸರುಗಳು ನಾಲಿಗೆಗೆ ತೊಡಕಾದರೂ ಅವುಗಳ ಕಸುಬು ತಿಳಿಯದಂಥದೇನಲ್ಲ.

ಮೇಷ್ಟ್ರು ಅದನ್ನು ಪೇಟೆಯ ಮಾತಿನಲ್ಲೇ ವಿವರಿಸಿದರು. ಸೂಕ್ಷ್ಮಾಣು ಸಕ್ಕರೆಯನ್ನು ಒಡೆದು ಬಲ ಪಡೆಯುವಾಗ ಎಲೆಕ್ಟ್ರಾನುಗಳೆಂಬ ಹೊರೆ ತಲೆಯ ಮೇಲೆ ಉಳಿಯುತ್ತದೆ. ಹಮಾಲನು ಒಂದು ಮೂಟೆಯನ್ನು ಇಳಿಸದೆ ಇನ್ನೊಂದನ್ನು ಹೊರಲಾರ. ನಾವು ಆ ಹೊರೆಯನ್ನು ಉಸಿರಾಡುವ ಆಮ್ಲಜನಕದ ಮೇಲೆ ಇಳಿಸುತ್ತೇವೆ. ಗಾಳಿಯಿಲ್ಲದ ಕಡೆ ಇರುವ ಈ ಜೀವಿ ಅದನ್ನು ನೀರಿನಲ್ಲಿರುವ ಜಲಜನಕದ ಕಣಗಳ ಮೇಲೆ ಇಳಿಸುತ್ತದೆ. ಹೈಡ್ರೋಜಿನೇಸ್ ಎಂಬ ಕಿಣ್ವ ಈ ಇಳಿಸುವ ಕಟ್ಟೆ. ಆಗ ಜಲಜನಕವು ಅನಿಲವಾಗಿ ಗುಳ್ಳೆಯಾಗಿ ಏಳುತ್ತದೆ; ಜೊತೆಗೆ ಇಂಗಾಲದ ಡೈಆಕ್ಸೈಡು, ಕೆಳಗೆ ಹುಳಿಯಾದ ದ್ರವ. ದೋಸೆಯ ಹಿಟ್ಟು ಹುದುಗುವುದಕ್ಕೂ ಇದಕ್ಕೂ ನೆಂಟಸ್ತನವಿದೆ. ಬಿಸಿ ಹೆಚ್ಚಾದಷ್ಟೂ ಜಲಜನಕವನ್ನು ಬಿಡುವುದು ಸುಲಭ. ಅಲ್ಲದೆ ಅದನ್ನು ಕಬಳಿಸುವ ಇತರ ಸೂಕ್ಷ್ಮಾಣುಗಳಲ್ಲಿ ಹೆಚ್ಚಿನವು ಆ ಬಿಸಿಯಲ್ಲಿ ಬದುಕಲಾರವು; ರೋಗಾಣುಗಳೂ ಸಾಯುತ್ತವೆ.

ಜಲಜನಕವೆಂದರೆ ನೀರನ್ನು ಹುಟ್ಟಿಸುವುದು. ಉರಿದಾಗ ಉಳಿಯುವುದು ನೀರೇ ಹೊರತು ಮಸಿಯಲ್ಲ, ಹೊಗೆಯಲ್ಲ. ಇಂದು ಲೋಕದಲ್ಲಿ ಬಳಕೆಯಾಗುವ ಜಲಜನಕದ ಬಹುಭಾಗವನ್ನು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ತೆಗೆಯುತ್ತಾರೆ. ಯೂರಿಯಾ ಗೊಬ್ಬರಕ್ಕೂ ಎಣ್ಣೆ ಶುದ್ಧೀಕರಣಕ್ಕೂ ಅದು ಬೇಕೇ ಬೇಕು. ಬೇರೆ ದಾರಿಯಿಂದ ತೆಗೆಯಬೇಕೆಂದು ನಮ್ಮ ಸರಕಾರ 2023ರ ಜನವರಿ 4ರಂದು ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯನ್ನು ಒಪ್ಪಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಎಂಬುದು ಗುರಿ. ಅದೇ ವರ್ಷದ ಆಗಸ್ಟಿನಲ್ಲಿ ಹೊರಟ ವ್ಯಾಖ್ಯೆಯಲ್ಲಿ, ವಿದ್ಯುತ್ತಿನಿಂದ ನೀರನ್ನು ಒಡೆಯುವ ವಿಧಾನದ ಜೊತೆಗೆ ಜೈವಿಕ ಪದಾರ್ಥಗಳಿಂದ ತೆಗೆಯುವುದಕ್ಕೂ ಜಾಗವಿದೆ.

“ಹಾಂಗಾರೆ ನಮ್ಮ ಮನೆಯ ಮಾವಿನಹಣ್ಣಿನ ಸಿಪ್ಪೆಯಲ್ಲಿ ಗ್ಯಾಸು ಬರುತ್ತದಾ ಮಾಷ್ಟ್ರೇ? ಸಿಲಿಂಡರಿನ ಖರ್ಚು ಉಳಿಯುತ್ತದಾ?” ಎಂದು ದೊಡ್ಡಮ್ಮ ಕೇಳಿದರು.

ಮೇಷ್ಟ್ರು ಊಟದ ಪೊಟ್ಟಣದ ಕಾಗದದ ಮೇಲೆ ಲೆಕ್ಕ ಹಾಕಿದರು. ವಾಚಕರೂ ಅದನ್ನು ನೋಡಲಿ. 180 ಗ್ರಾಂ ದ್ರಾಕ್ಷಿ ಸಕ್ಕರೆಯಿಂದ ಹೆಚ್ಚೆಂದರೆ 24 ಗ್ರಾಂ ಜಲಜನಕ ಬರಬೇಕು. ಆದರೆ ಈ ರೀತಿಯ ಹುದುಗಿನಲ್ಲಿ ಅದರ ಮೂರನೆಯ ಒಂದು ಪಾಲು, ಅಂದರೆ 8 ಗ್ರಾಮಿಗಿಂತ ಹೆಚ್ಚು ಬಾರದು. ಉಳಿದದ್ದು ವಿನೆಗರಿನ ಆಮ್ಲದಲ್ಲಿ ಅಡಗಿರುತ್ತದೆ. ಸಾಮಾನ್ಯ ಬಿಸಿಯ ಸೂಕ್ಷ್ಮಾಣುಗಳು ಅದರಲ್ಲಿ ಅರ್ಧವನ್ನು ಕೊಟ್ಟರೆ ಹೆಚ್ಚು. ಉಷ್ಣಪ್ರಿಯ ಜೀವಿಗಳು ಪೂರ್ತಿಯ ಸಮೀಪಕ್ಕೆ ಹೋಗುತ್ತವೆ. ಒಂದು ಕಿಲೋ ಮಾವಿನ ತಿರುಳಿನಲ್ಲಿ ಸುಮಾರು 140 ಗ್ರಾಂ ಸಕ್ಕರೆ. ಅದರಿಂದ ಸುಮಾರು 6 ಗ್ರಾಂ ಜಲಜನಕ. ಅದನ್ನು ಒಲೆಯಲ್ಲಿ ಉರಿಸಿದರೆ, ಅರ್ಧ ಶಾಖ ಗಾಳಿಗೆ ಹೋಗುವುದನ್ನು ಕಳೆದು, ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಕುದಿಯಬಹುದು.

“ಒಂದು ಕಿಲೋ ಹಣ್ಣಿಗೆ ನಮಗೆಲ್ಲ ಅರ್ಧರ್ಧ ಲೋಟ ಚಹ!” ಎಂದು ಮಕ್ಕಳು ಕೂಗಿದರು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಆ ಒಂದು ಕಿಲೋ ತಿರುಳಿಗೆ ಅಷ್ಟೇ ನೀರು ಬೆರೆಸಿ 70 ಡಿಗ್ರಿಗೆ ಬಿಸಿಮಾಡಬೇಕಲ್ಲ? ಅದಕ್ಕೇ ಬಂದ ಜಲಜನಕದ ಶಾಖದಲ್ಲಿ ಅರ್ಧದಷ್ಟು ಬೇಕಾಗುತ್ತದೆ. ನೀರು ಇನ್ನೂ ಹೆಚ್ಚಾದರೆ ಪೂರ್ತಿಯೂ ಸಾಲದು.

“ಹಾಂಗಾರೆ ನೀರು ಕಾಯಿಸುವುದಕ್ಕೆ ನೀರು ಕಾಯಿಸಿದ ಹಾಂಗಾಯಿತು” ಎಂದರು ದೊಡ್ಡಮ್ಮ. ಈ ವಿದ್ಯೆಯ ಮುಖ್ಯ ತೊಡಕು ಆ ಒಂದು ಮಾತಿನಲ್ಲಿ ಬಂದುಬಿಟ್ಟಿತು.

ಪರಿಹಾರವನ್ನೂ ದೊಡ್ಡಮ್ಮನ ಬಚ್ಚಲಿನಲ್ಲೇ ಕಾಣಬಹುದು. ಅಡಿಗೆಯ ಒಲೆಯ ಹಿಂಬದಿಯ ಕಾವು ವ್ಯರ್ಥವಾಗಬಾರದೆಂದು ಹಿಂದಿನವರು ಅಲ್ಲೊಂದು ಹಂಡೆ ಹೂಳುತ್ತಿದ್ದರು. ಹಾಗೆಯೇ ಹೊರಗೆ ಹೋಗುವ ಬಿಸಿ ರಸದ ಕಾವನ್ನು ಒಳಗೆ ಬರುವ ತಣ್ಣನೆಯ ರಸಕ್ಕೆ ಕೊಡಬೇಕು. ತೊಟ್ಟಿಗೆ ದಪ್ಪ ಹೊದಿಕೆ ಹಾಕಬೇಕು. ಹಣ್ಣಿನ ರಸದ ಕಾರ್ಖಾನೆ, ಸಕ್ಕರೆ ಕಾರ್ಖಾನೆಗಳಲ್ಲಿ ವ್ಯರ್ಥವಾಗುವ ಕಾವು ಬೇಕಾದಷ್ಟಿದೆ. ಅಂಥ ಕಡೆ ತೊಟ್ಟಿಯನ್ನು ಕಟ್ಟುವುದು ಜಾಣತನ. ಉಳಿದ ಹುಳಿ ದ್ರವವನ್ನು ಚೆಲ್ಲದೆ ಎರಡನೆಯ ತೊಟ್ಟಿಗೆ ಬಿಟ್ಟರೆ ಬೇರೆ ಸೂಕ್ಷ್ಮಾಣುಗಳು ಅದರಿಂದ ಮೀಥೇನ್ ತೆಗೆಯುತ್ತವೆ. ಕಡೆಗೆ ಉಳಿಯುವುದು ಗೊಬ್ಬರ. ತೊಡಕುಗಳು ಇನ್ನೂ ಇವೆ. ಕಿತ್ತಳೆ, ಮೋಸಂಬಿಗಳ ಸಿಪ್ಪೆಯ ಎಣ್ಣೆ ಸೂಕ್ಷ್ಮಾಣುಗಳಿಗೆ ವಿಷದಂತೆ. ಹುಳಿ ಏರಿದರೆ ಅವು ಕೆಲಸ ನಿಲ್ಲಿಸುತ್ತವೆ. ಹುಟ್ಟಿದ ಜಲಜನಕವನ್ನು ಆಗಿಂದಾಗ ತೆಗೆಯದಿದ್ದರೂ ನಿಲ್ಲಿಸುತ್ತವೆ. ತೆಗೆದ ಮೇಲೆ ಅದನ್ನು ಶುದ್ಧಮಾಡಿ ಭಾರಿ ಒತ್ತಡದಲ್ಲಿ ತುಂಬಬೇಕು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳು. ಆದ್ದರಿಂದ ಇದು ಮನೆಯ ಹಿತ್ತಲಿನಲ್ಲಿ ಮಾಡುವ ಕೆಲಸವಲ್ಲ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಪುಣೆಯ ಓದುಗರಿಗೆ ಆಘಾರಕರ ಸಂಶೋಧನ ಸಂಸ್ಥೆ ಗೊತ್ತಿರಬೇಕು. 1946ರಲ್ಲಿ ಸ್ಥಾಪಿತವಾಗಿ, 1992ರಲ್ಲಿ ಸಸ್ಯಶಾಸ್ತ್ರಜ್ಞ ಶಂಕರ ಪುರುಷೋತ್ತಮ ಆಘಾರಕರರ ಹೆಸರು ಪಡೆದ ಸಂಸ್ಥೆಯದು. ಪೈರಿನ ಉಳಿಕೆಯಿಂದ ಸೂಕ್ಷ್ಮಾಣುಗಳ ಮೂಲಕ ಜಲಜನಕ ತೆಗೆಯುವ ಅಲ್ಲಿನ ವಿಧಾನವನ್ನು ಪುಣೆಯದೇ ಕಂಪನಿಯೊಂದು 2021ರಲ್ಲಿ ಲೋಕಕ್ಕೆ ತಿಳಿಸಿತು. ಹೈದರಾಬಾದಿನವರು ತಮ್ಮ ಬೋಯಿನಪಲ್ಲಿಯ ತರಕಾರಿ ಪೇಟೆಗೆ ಹೋಗಿ ನೋಡಬಹುದು. ದಿನಕ್ಕೆ ಸುಮಾರು 10 ಟನ್ ತರಕಾರಿ ಕಸದಿಂದ ಸುಮಾರು 500 ಯೂನಿಟ್ ವಿದ್ಯುತ್ತನ್ನು ತೆಗೆಯುವುದಕ್ಕೆ ಅಲ್ಲಿ ಏರ್ಪಾಡಾಯಿತು. 2021ರ ಜನವರಿ 31ರಂದು ಪ್ರಧಾನಿಯವರು ಆಕಾಶವಾಣಿಯಲ್ಲಿ ಅದನ್ನು ಪ್ರಸ್ತಾಪಿಸಿದರು. ಇಂದೋರಿನಲ್ಲಿ ದಿನಕ್ಕೆ 550 ಟನ್ ಹಸಿ ಕಸದ ಶಕ್ತಿಯುಳ್ಳ ಸ್ಥಾವರವನ್ನು 2022ರ ಫೆಬ್ರವರಿ 19ರಂದು ಉದ್ಘಾಟಿಸಿದರು. ಅದರ ಅನಿಲದಿಂದ ಊರಿನ ಬಸ್ಸುಗಳು ಓಡುತ್ತವೆ. ಈ ಎರಡು ಊರುಗಳಲ್ಲಿ ಬರುವುದು ಮೀಥೇನ್, ಜಲಜನಕವಲ್ಲ. ಆದರೆ ಕಸವನ್ನು ಬೇರ್ಪಡಿಸಿ ತರುವುದು, ತೊಟ್ಟಿಗೆ ಹಾಕುವುದು, ಅನಿಲ ಹಿಡಿಯುವುದು ಎಂಬ ಮೊದಲ ಪಾಠಗಳು ಎರಡಕ್ಕೂ ಒಂದೇ.

ವಜ್ರೇಶ್ವರಿಯಂಥ ಬುಗ್ಗೆಗಳ ನೀರನ್ನು ಸಂಶೋಧಕರು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಅದರೊಳಗಿನ ಉಷ್ಣಪ್ರಿಯ ಜೀವಿಗಳನ್ನು ಬೇರ್ಪಡಿಸಿ ಓದಿದ್ದಾರೆ. ಯಾವ ಕಲ್ಲಿನ ಅಂಚಿನಲ್ಲಿ ಯಾವ ಕಸುಬುದಾರನಿದ್ದಾನೋ! ಅದೇ ನೀರಿಗೆ ಈಗ ಸಾಬೂನು, ಶಾಂಪೂವಿನ ಚೀಟಿ, ಪ್ಲಾಸ್ಟಿಕ್ ಬಾಟಲಿಗಳೂ ಬೀಳುತ್ತಿವೆ. ಬುಗ್ಗೆ ಕೆಟ್ಟರೆ ಸ್ನಾನದ ಸುಖವಷ್ಟೇ ಹೋಗುವುದಿಲ್ಲ; ಸಾವಿರಾರು ವರ್ಷಗಳಿಂದ ಬಿಸಿಯಲ್ಲಿ ಪಳಗಿದ ಜೀವಿಗಳೂ, ಅವುಗಳಿಂದ ನಾವು ಕಲಿಯಬೇಕಾದ ವಿದ್ಯೆಯೂ ಹೋಗುತ್ತದೆ. ಬೆಂದ್ರು ತೀರ್ಥಕ್ಕೂ ಇದೇ ಮಾತು ಸಲ್ಲುತ್ತದೆ. ಊರಿಗೆ ಹೋಗುವ ಪುತ್ತೂರಿನವರು ಮಕ್ಕಳಿಗೆ ಅದನ್ನು ತೋರಿಸಲಿ. ಸಾಬೂನನ್ನು ಮಾತ್ರ ಮನೆಯಲ್ಲೇ ಬಿಡಲಿ.

ಇನ್ನೊಂದು ಮಾತು. ಕೊಳೆತ ಹಣ್ಣಿಗೆ ಇಂದು ಬೆಲೆಯಿಲ್ಲ. ಧಾರವಾಡದ ರೈತನ ಪೆಟ್ಟಿಗೆ ದಾರಿಯಲ್ಲಿ ಕೆಟ್ಟರೆ ಅವನಿಗೆ ನಷ್ಟ. ಅದನ್ನು ಗುಡ್ಡಕ್ಕೆ ಸಾಗಿಸುವುದು ಪೇಟೆಗೆ ನಷ್ಟ. ಅದರ ಹೊಗೆ ಊರಿಗೆ ನಷ್ಟ. ಅದೇ ರಾಶಿ ಉರುವಲಿನ ಕಚ್ಚಾ ಸರಕಾದ ದಿನ, ಅದನ್ನು ಆರಿಸಿ, ವಿಂಗಡಿಸಿ ಕೊಡುವ ಕೈಗೂ ಕೂಲಿ ಹುಟ್ಟಬೇಕು. ಅದು ನೊಣದ ನಡುವೆ ಬರಿಗೈಯಲ್ಲಿ ಮಾಡುವ ಕೆಲಸವಾಗದೆ, ಕೈಚೀಲ ತೊಟ್ಟು ತಿಂಗಳ ಸಂಬಳಕ್ಕೆ ಮಾಡುವ ಕೆಲಸವಾಗಬೇಕು. ಯಂತ್ರ ಬಂದು ಆ ಕೈಗಳನ್ನು ಹೊರಗೆ ಹಾಕಿದರೆ ಅನಿಲ ಎಷ್ಟು ಶುದ್ಧವಾಗಿದ್ದರೂ ಲೆಕ್ಕ ಶುದ್ಧವಾಗದು. ವಿಜಾಪುರ, ಕಲಬುರಗಿಗಳಿಂದ ಬಂದ ಎಷ್ಟು ಜನ ಈ ಪೇಟೆಗಳ ಹಿಂಬದಿಯಲ್ಲಿ ದುಡಿಯುತ್ತಾರೆಂಬುದನ್ನು ನಮ್ಮ ಸಂಘಗಳು ಮರೆಯಬಾರದು.

ನಮ್ಮಿಂದ ಆಗುವುದೇನು? ತೊಟ್ಟಿ ಕಟ್ಟುವುದು ವಿಜ್ಞಾನಿಗಳ, ಸರಕಾರದ ಕೆಲಸ. ಆದರೆ ಎಂಥ ತೊಟ್ಟಿಗಾದರೂ ಬೇಕಾದುದು ಗಾಜು, ಪ್ಲಾಸ್ಟಿಕ್ ಬೆರೆಯದ ಹಸಿ ಕಸ. ಅದು ಪ್ರಾರಂಭವಾಗುವುದು ನಮ್ಮ ಅಡಿಗೆಮನೆಯಲ್ಲಿ. ನಮ್ಮವರ ಹೋಟೆಲುಗಳಲ್ಲಿ, ಕಲ್ಯಾಣಮಂಟಪಗಳಲ್ಲಿ, ಸಂಘದ ವಾರ್ಷಿಕೋತ್ಸವದ ಊಟದಲ್ಲಿ ಎಲೆ, ಸಿಪ್ಪೆಗಳನ್ನು ಬೇರೆಯಾಗಿ ಇಡುವ ಪದ್ಧತಿ ನಿಂತರೆ ಅದು ಸಣ್ಣ ಕೆಲಸವಲ್ಲ. ಮುಂದಿನ ತಿಂಗಳ ಊಟಕ್ಕೆ ಎರಡು ಪೀಪಾಯಿ ಇಡುವುದೆಂದು ಮರಳುವ ದಾರಿಯಲ್ಲೇ ನಿಶ್ಚಯವಾಯಿತು. ಮೇಲ್ವಿಚಾರಣೆಯನ್ನು ದೊಡ್ಡಮ್ಮ ವಹಿಸಿಕೊಂಡಿದ್ದಾರೆ. ಆದುದರಿಂದ ಅದು ನಡೆದೇ ತೀರುವುದೆಂದು ನಮ್ಮ ನಂಬಿಕೆ.